ಹನ್ನೆರಡು ವಾರದ ನಂತರ, ಅದೇ ಮನೆಯಲ್ಲಿ

ದೇವರ ಹಿಪ್ಪರಗಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಕಿಟಕಿಯ ಕೆಳಗೆ ಒಬ್ಬ ಹೆಂಗಸು ಉಪ್ಪು ಹಾಕಿ ಕುದಿಸಿದ ಹಸಿ ತೊಗರಿಕಾಯಿ ಮಾರುತ್ತಿದ್ದಳು. ಆ ವಾಸನೆ ಬಂದ ಕೂಡಲೇ ಆ ವರ್ಷದ ಚಳಿಗಾಲ ಇಡಿಯಾಗಿ ಕಣ್ಣಮುಂದೆ ನಿಂತಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಮೊದಲು ಬಂದದ್ದು ಹಸಿವು. ಒಂದು ಪೊಟ್ಟಣ ಕೊಂಡೆ, ಅರ್ಧ ತಿಂದೆ, ಬಸ್ಸು ಹೊರಟಿತು. ಸಿಂದಗಿ ಇನ್ನೂ ಅರ್ಧ ದಾರಿ ಇರುವಾಗ, ಬೆರಳಿಗೆ ಅಂಟಿದ ಸಿಪ್ಪೆಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ, ಆಗಿನ ನನ್ನ ವಿದ್ಯಾರ್ಥಿ ಮಲ್ಲು ಇದೇ ಕಾಯಿ ಸುಲಿಯುತ್ತ ನನ್ನ ಕೋಣೆಗೆ ಬಂದು ಒಂದು ಕಂತೆ ಹಾಳೆಯನ್ನು ಮೇಜಿನ ಮೇಲಿಟ್ಟದ್ದು ನೆನಪಾಯಿತು. ಅದೂ ನಿಜವೋ ಅಲ್ಲವೋ. ಕಾಯಿ ಸುಲಿಯುತ್ತಿದ್ದವನು ಬೇರೆ ಯಾರೋ ಇದ್ದಿರಬಹುದು.

ಸಿಂದಗಿಗೆ ಹೊರಟಿದ್ದು ಹಳ್ಳಿಗಾಡಿನ ತರಬೇತಿಗೆ ಬಂದಿದ್ದ ಎಂಬಿಬಿಎಸ್ ಹುಡುಗ ಹುಡುಗಿಯರಿಗೆ ಸಂಶೋಧನೆ ಎಂದರೇನು ಎಂದು ಹೇಳಲು. ಎಷ್ಟೋ ವರ್ಷಗಳಿಂದ ಹೇಳುತ್ತಿದ್ದೇನೆ. ಅದೇ ಚಿತ್ರಗಳು, ಅದೇ ಒಂದು ನಗೆಮಾತು, ಅದಕ್ಕೆ ಅದೇ ಜಾಗದಲ್ಲಿ ಬರುವ ಅದೇ ನಗು. ಅಂದು ಯಾಕೋ ನಗೆಮಾತು ಬಿಟ್ಟೆ. ಯಾರೂ ನಗಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ.

ಊರಿಗೆ ಮರಳಿದ ಮೇಲೆ ಸುಜಾತಾಳಿಗೆ ಫೋನ್ ಮಾಡಿದೆ. ಆ ಚಳಿಗಾಲ ನನ್ನ ಕೈಕೆಳಗೆ ಸಂಶೋಧನೆ ಮಾಡಿದ ಇಬ್ಬರಲ್ಲಿ ಅವಳೊಬ್ಬಳು. ಈಗ ಇಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ ವೈದ್ಯಾಧಿಕಾರಿ. ನನಗೆ ನೆನಪಿದ್ದದ್ದನ್ನೆಲ್ಲ ಹೇಳಿದೆ. ಅವಳು ಕೆಲವು ಕಡೆ ತಡೆದಳು. ತಡೆದಲ್ಲಿ ಅವಳ ಮಾತನ್ನು ಇಲ್ಲಿ ಇಟ್ಟಿದ್ದೇನೆ. ನನ್ನದನ್ನೂ ಅಳಿಸಿಲ್ಲ.

ಆ ವರ್ಷ ನಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿಗಳೇ ಮಾಡುವ ಕಿರು ಸಂಶೋಧನೆಗೆ ಅರ್ಜಿ ಕರೆದಿದ್ದರು. ಒಬ್ಬ ಮಾರ್ಗದರ್ಶಕ, ಇಬ್ಬರು ವಿದ್ಯಾರ್ಥಿಗಳು, ಆರು ತಿಂಗಳು, ಕೊನೆಗೊಂದು ವರದಿ. ವರದಿ ಒಪ್ಪಿಗೆಯಾದರೆ ಪ್ರಮಾಣಪತ್ರ. ನನ್ನದು ಸಮುದಾಯ ವೈದ್ಯಕೀಯ ವಿಭಾಗ. ಶಸ್ತ್ರಚಿಕಿತ್ಸಕರಾಗಬೇಕು ಎಂದುಕೊಂಡು ಬಂದ ಮಕ್ಕಳು ನಮ್ಮ ತರಗತಿಯಲ್ಲಿ ನಿದ್ದೆ ತೀರಿಸಿಕೊಳ್ಳುತ್ತಾರೆ. ಆದರೂ ಇಬ್ಬರು ಬಂದರು. ಸುಜಾತಾಳ ತಂದೆ ಇಂಡಿ ಕಡೆಯ ಪ್ರಾಥಮಿಕ ಶಾಲೆಯ ಮಾಸ್ತರರು. ಅವಳು ಪ್ರಶ್ನೆ ಕೇಳುವ ಮೊದಲು ಅದನ್ನು ವಹಿಯಲ್ಲಿ ಬರೆದುಕೊಳ್ಳುತ್ತಿದ್ದಳು. ಮಲ್ಲಿಕಾರ್ಜುನ, ಎಲ್ಲರ ಬಾಯಲ್ಲಿ ಮಲ್ಲು, ಮನಗೂಳಿಯ ಕಾಳಿನ ವ್ಯಾಪಾರಿಯ ಮಗ. ಗುರುತಿಲ್ಲದ ಮನೆಯಲ್ಲಿ ನೀರು ಕೇಳಿ ಊಟ ಮಾಡಿಕೊಂಡು ಬರುವಂಥವನು.

"ಸರ್, ರಿಸರ್ಚ್ ಅಂದ್ರ ಲ್ಯಾಬಿನ್ಯಾಗ ಇಲಿ ಇಟಗೊಂಡು ಮಾಡೂದಲ್ಲೇನ್ರಿ?" ಎಂದು ಮಲ್ಲು ಕೇಳಿದ.

"ನಮ್ಮಲ್ಲಿ ಇಲಿ ಇಲ್ಲಪಾ. ಬಸ್ಸಿನ್ಯಾಗ ತಿರಗೂದೈತಿ."

"ಹಂಗಾದ್ರ ನಾವ ಇಲಿ ಆದಂಗಾತಲ್ರಿ."

ವಿಷಯ ಸರಳವಾಗಿತ್ತು. ಮೊದಲ ಸಲ ಬಸಿರಾದ ಹಳ್ಳಿಯ ಹೆಣ್ಣುಮಕ್ಕಳ ಮನೆಗೆ ಹೋಗುವುದು. ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದು ಹಿಮೋಗ್ಲೋಬಿನ್ ನೋಡುವುದು, ಎತ್ತರ ತೂಕ ಬರೆಯುವುದು, ಕಬ್ಬಿಣದ ಮಾತ್ರೆ ಹೇಗೆ ನುಂಗಬೇಕು ಎಂದು ಕೂತು ತಿಳಿಸಿ ಹೇಳುವುದು. ಮತ್ತೆ ಹೋಗಿ ರಕ್ತ ಏರಿದೆಯೇ ನೋಡುವುದು. ಬಸವನ ಬಾಗೇವಾಡಿ ತಾಲೂಕಿನ ಹಳ್ಳಿಗಳು ಸುಜಾತಾಳಿಗೆ. ಸಿಂದಗಿ ತಾಲೂಕಿನಲ್ಲಿ ದೇವಣಗಾಂವದ ಆಚೆ ಭೀಮಾ ನದಿಯ ಕಡೆಗಿನವು ಮಲ್ಲುವಿಗೆ. ಯೋಜನೆಯ ಪ್ರತಿಯಲ್ಲಿ ನಾನೇ ಬರೆದ ಒಂದು ಸಾಲಿತ್ತು: ಎರಡನೆಯ ಭೇಟಿ, ಹನ್ನೆರಡು ವಾರದ ನಂತರ, ಅದೇ ಮನೆಯಲ್ಲಿ.

ಈ ಸಾಲನ್ನು ನೈತಿಕ ಸಮಿತಿಯವರು ಓದಿದರು. ವೈದ್ಯರಿದ್ದರು, ಒಬ್ಬ ವಕೀಲರಿದ್ದರು, ನಿವೃತ್ತ ಹೆಡ್‌ಮಾಸ್ತರರಿದ್ದರು. ಸೂಜಿ ಎಷ್ಟು ಉದ್ದ, ರಕ್ತದ ಹತ್ತಿಯನ್ನು ಎಲ್ಲಿ ಹಾಕುತ್ತೀರಿ ಎಂದೆಲ್ಲ ಕೇಳಿದರು. ನಮ್ಮ ಕಡೆ ಮೊದಲ ಬಸಿರಿನ ಏಳನೆಯ ತಿಂಗಳಿಗೆ ಕುಬಸ ಮಾಡಿ ಮಗಳನ್ನು ತವರಿಗೆ ಕರೆದೊಯ್ಯುತ್ತಾರೆ, ಹನ್ನೆರಡು ವಾರದ ಮೇಲೆ ಅದೇ ಮನೆಯಲ್ಲಿ ಅವಳು ಇರುವುದೇ ಇಲ್ಲ ಎಂಬುದು ಆ ಮೇಜಿನ ಸುತ್ತ ಕೂತ ಒಬ್ಬರಿಗೂ ಹೊಳೆಯಲಿಲ್ಲ. ಎಲ್ಲರೂ ಈ ಕಡೆಯವರೇ. ಎಲ್ಲರ ಹೆಂಡಂದಿರೂ ಕುಬಸದ ಹಸಿರು ಸೀರೆ ಉಟ್ಟು ತವರಿಗೆ ಹೋದವರೇ. ನನ್ನ ಹೆಂಡತಿ ಇಂಡಿಗೆ ಹೋಗಿದ್ದಳು. ಭಾನುವಾರ ಭಾನುವಾರ ಬಸ್ಸು ಹತ್ತಿ ಹೋಗಿ, ಮಾವನವರ ಎದುರು ಪೇಪರು ಓದುತ್ತ ಕೂತು ಬಂದವನು ನಾನು. ಅಳಿಯನಾಗಿ ಗೊತ್ತಿದ್ದದ್ದು ಸಂಶೋಧಕನಾಗಿ ಗೊತ್ತಿರಲಿಲ್ಲ. ಸಮಿತಿಯಲ್ಲಿ ಒಬ್ಬ ಹೆಣ್ಣುಮಗಳು ಇದ್ದರು, ಅಂದು ಬಂದಿರಲಿಲ್ಲ. ಬಂದಿರಲಿಲ್ಲ ಎಂದೇ ನನ್ನ ನೆನಪು. ನನಗೆ ಅನುಕೂಲವಾದ ನೆನಪು ಇದು, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಮಾರ್ಗದರ್ಶಕನಾಗಿ ಮಕ್ಕಳಿಗೆ ನಾನು ಎರಡು ಪಾಠ ಹೇಳಿದೆ. ಎರಡೂ ಸರಿಯಾದ ಪಾಠಗಳು, ಈಗಲೂ ಹೇಳುತ್ತೇನೆ. ಒಂದು, ಹಾಳೆಯ ಮೇಲೆ ಹೆಂಗಸಿನ ಹೆಸರು ಬರೆಯಬೇಡಿ. ಹಾಳೆ ಕಳೆದರೆ ಅವಳ ಗುಟ್ಟು ಊರಿಗೆಲ್ಲ ಗೊತ್ತಾಗುತ್ತದೆ. ಮನೆಗೊಂದು ನಂಬರು ಕೊಡಿ, ಅಷ್ಟೇ ಬರೆಯಿರಿ. ಇನ್ನೊಂದು, ಸಂಶೋಧನೆ ಎಂದರೆ ಜನರಿಂದ ಬರೀ ತೆಗೆದುಕೊಳ್ಳುವುದಲ್ಲ. ಸಿಕ್ಕ ಅಂಕಿಯನ್ನು ಊರಿನ ಉಪಕೇಂದ್ರದ ನರ್ಸ್‌ಗೆ ವಾರವಾರ ಕೊಡಿ. ರಕ್ತ ಕಡಿಮೆ ಇದ್ದವರನ್ನು ಅವರು ನೋಡಿಕೊಳ್ಳುತ್ತಾರೆ.

ಮೊದಲ ಸುತ್ತು ದಸರೆಯ ಮಾನವಮಿಯ ಹೊತ್ತಿಗೆ ಮುಗಿಯಿತು. ಮಲ್ಲುವಿನ ಹಳ್ಳಿಗಳಲ್ಲಿ ರೇಣುಕಾ ಎಂಬ ಹುಡುಗಿಗೆ ಹಿಮೋಗ್ಲೋಬಿನ್ ಏಳು ಪಾಯಿಂಟ್ ಒಂದು. ತುಂಬ ಕಡಿಮೆ. ನರ್ಸ್ ತಮ್ಮ ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಕೆಂಪು ಗುರುತು ಹಾಕಿದರು. ರಕ್ತ ಏರುವ ಇಂಜೆಕ್ಷನ್ ಕೊಡಿಸಬೇಕು, ಹೆರಿಗೆ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು ಎಂಬ ಗುರುತು ಅದು.

ಎರಡನೆಯ ಸುತ್ತು ಎಳ್ಳಮಾಸಿಯ, ಎಳ್ಳು ಅಮಾವಾಸ್ಯೆಯ ಹಬ್ಬದ ಆಸುಪಾಸು. ಬಿಳಿಜೋಳ ತೆನೆ ಹಿರಿದಿತ್ತು. ಒಣ ಗಾಳಿಗೆ ತುಟಿ ಒಡೆಯುತ್ತಿದ್ದವು. ಸುಜಾತಾ ದಿನವೂ ಬಸವನ ಬಾಗೇವಾಡಿಯಿಂದ ಧೂಳು ಮುಚ್ಚಿಕೊಂಡು ಬರುತ್ತಿದ್ದಳು, ಹಾಳೆ ಖಾಲಿ ಇರುತ್ತಿದ್ದವು. ಮಲ್ಲುವಿನ ಹಾಳೆ ಒಂದೂ ಖಾಲಿ ಇಲ್ಲ. ಅಂಕಿಗಳೂ ಏರಿದ್ದವು. ನನಗೆ ಆದ ಸಂತೋಷ ಚೆನ್ನಾಗಿ ನೆನಪಿದೆ. ಒಂದೊಂದು ಹಾಳೆಗೂ ಹಸಿರು ಶಾಯಿಯಲ್ಲಿ ಗುರುತು ಹಾಕಿ ಸಹಿ ಮಾಡಿದೆ. ಆಮೇಲೆ ಸುಜಾತಾಳನ್ನು ಕರೆದೆ.

"ನಿನ್ನ ಹಾಳಿ ಯಾಕ ಖಾಲಿ ಅದಾವು?"

"ಎಲ್ಲಾರೂ ತವರಿಗೆ ಹೋಗ್ಯಾರ್ರಿ ಸರ್. ಕೀಲಿ ಹಾಕಿದ ಮನಿ ಅಲ್ಲ, ಮಂದಿ ಅದಾರ. ಆಕಿ ಒಬ್ಬಾಕಿ ಇಲ್ಲ."

"ಮತ್ತ ಮಲ್ಲುಂದು ಹೆಂಗ ತುಂಬೇತಿ? ಅವನ ಹಳ್ಳಿ ಹೆಣ್ಣುಮಕ್ಕಳಿಗೆ ತವರಮನಿ ಇಲ್ಲೇನು?"

ಚುಚ್ಚಲೆಂದು ಆಡಿದ ಮಾತು. ಅದೇ ಸರಿಯಾದ ಪ್ರಶ್ನೆಯಾಗಿತ್ತು. ಕೇಳಬಾರದವಳಿಗೆ ಕೇಳಿದೆ. ಉತ್ತರಕ್ಕೂ ಕಾಯಲಿಲ್ಲ.

ಸುಜಾತಾ ತಲೆ ಬಾಗಿಸಿ ಹೋದಳು. ಎರಡು ದಿನ ಬರಲಿಲ್ಲ. ಮೂರನೆಯ ದಿನ ಮಲ್ಲುವಿನ ಹಾಳೆಗಳ ಎರಡು ಕಂತೆಯನ್ನೂ ಹಿಡಿದು ಬಾಗಿಲಲ್ಲಿ ನಿಂತಳು. ಅವನೂ ಹಿಂದೆ ಇದ್ದ. ಅವಳೇ ಕರೆತಂದಿದ್ದಳು.

"ಸರ್, ಒಂದು ಕೇಳ್ಲೇನ್ರಿ? ಹೆಣ್ಣುಮಕ್ಕಳು ಬಸರಾದ ಮ್ಯಾಲ ಎತ್ತರ ಆಗ್ತಾರೇನ್ರಿ?"

"ಏನಂದಿ?"

"ಈ ಮನ್ಯಾಕಿ ಮೊದಲ ಸಲ ನೂರಾ ನಲವತ್ತೇಳು ಸೆಂಟಿಮೀಟರ್ ಇದ್ಲು. ಹನ್ನೆರಡು ವಾರಕ್ಕ ನೂರಾ ಐವತ್ತೈದು ಆಗ್ಯಾಳ. ಮತ್ತ ಈ ಇನ್ನೊಂದು ಮನ್ಯಾಕಿ ಮೂರು ಸೆಂಟಿಮೀಟರ್ ಗಿಡ್ಡ ಆಗ್ಯಾಳ."

ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟಳು. ಎತ್ತರದ ಅಂಕಿಗೆ ತಾಗಿ ನನ್ನ ಹಸಿರು ಗುರುತು. ನಾನು ಅದನ್ನು ಮೊದಲೇ ನೋಡಿದ್ದೆನೇ? ಇಲ್ಲಿ ನನ್ನ ನೆನಪನ್ನು ನಾನು ನಂಬುವುದಿಲ್ಲ. ಒಂದು ಮಧ್ಯಾಹ್ನ ಆ ನೂರಾ ಐವತ್ತೈದನ್ನು ನೋಡಿ, ಅಳೆಯುವಾಗ ಚಪ್ಪಲಿ ಬಿಡಿಸಿಲ್ಲ ಎಂದುಕೊಂಡು ಮುಂದಿನ ಹಾಳೆಗೆ ಹೋದಂತೆ ಒಂದು ಚಿತ್ರ ಬರುತ್ತದೆ. ಅದು ಅಂದಿನದೋ, ನಾಚಿಕೆಯಾದ ಮೇಲೆ ಮನಸ್ಸು ಬರೆದದ್ದೋ ತಿಳಿಯದು. ಹಸಿರು ಗುರುತು ಸಹಿ ಬಿದ್ದದ್ದನ್ನು ಹೇಳುತ್ತದೆ. ನೋಡಿದ್ದನ್ನು ಹೇಳುವುದಿಲ್ಲ.

ಮಲ್ಲು ಹೇಳಿದ. ತಡವರಿಸದೆ ಹೇಳಿದ, ಅದು ನನಗೆ ಇನ್ನೂ ಕಷ್ಟವಾಯಿತು.

"ಎಳ್ಳಮಾಸಿ ದಿನ ಹೋಗಿದ್ದೆ ಸರ್. ಎಲ್ಲಾರೂ ಹೊಲದಾಗಿದ್ರು, ನನ್ನೂ ಊಟಕ್ಕ ಕುಂಡ್ರಿಸಿದ್ರು. ಅತ್ತಿ ಅಂದ್ರು, ಸಣ್ಣ ಸೊಸಿ ಕುಬಸಾಗಿ ತವರಿಗೆ ಹೋಗ್ಯಾಳ, ನೀ ಅಷ್ಟು ದೂರದಿಂದ ಬಂದೀದಿ, ಬರಿಗೈಲೆ ಹೆಂಗ ಕಳಸೂದು, ಹಿರೇ ಸೊಸೀನೂ ಬಸರದಾಳ, ಈಕೀದ ತಗೋ ಅಂತ. ಕೈ ಹಿಡಿದು ಮುಂದ ತಂದು ಕುಂಡ್ರಿಸಿಬಿಟ್ರು."

"ನೀ ತಗೊಂಡಿ."

"ಕಡಬು ತಿಂದಿದ್ದೆ ಸರ್. ತಿಂದ ಮ್ಯಾಲ ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ಮತ್ತ ಫಾರ್ಮಿನ್ಯಾಗ ಹೆಸರ ಇರಲಿಲ್ಲಲ್ರಿ. ಮನಿ ನಂಬರ ಅದ ಇತ್ತು."

"ಒಂದ ಮನಿ ಏನು?"

ಅವನು ನೆಲ ನೋಡಿದ. "ಒಂದು ಕಡೆ ನಡದ ಮ್ಯಾಲ ಉಳಿದ ಕಡೆ ಕೇಳಿದೆ ಸರ್. ಎಲ್ಲಾರೂ ಕೊಟ್ರು."

ಅವನು ಕಳ್ಳನಲ್ಲ. ಮನೆಯಲ್ಲೇ ಕೂತು ಅಂಕಿ ಬರೆದುಕೊಳ್ಳಬಹುದಿತ್ತು, ಬರೆಯಲಿಲ್ಲ. ಹೋದ, ನಿಜವಾದ ಬೆರಳಿನಿಂದ ನಿಜವಾದ ರಕ್ತ ತೆಗೆದ, ಬಂದ ಅಂಕಿಯನ್ನು ತಿದ್ದದೆ ಬರೆದ. ಬೆರಳು ಮಾತ್ರ ಬೇರೆಯವರದು.

ನಾನು ವರದಿ ಹೋಯಿತಲ್ಲ ಎಂದು ಯೋಚಿಸುತ್ತಿದ್ದೆ. ಸುಜಾತಾ ಇನ್ನೊಂದು ಹಾಳೆ ತೆಗೆದಳು. ಆ ನೂರಾ ಐವತ್ತೈದರ ಮನೆ ರೇಣುಕಾಳದು. ಮೊದಲ ಅಂಕಿ ಏಳು ಪಾಯಿಂಟ್ ಒಂದು, ಎರಡನೆಯದು ಹತ್ತು ಪಾಯಿಂಟ್ ನಾಲ್ಕು. ಮಲ್ಲು ನಾನು ಕಲಿಸಿದಂತೆ ಆ ಅಂಕಿಯನ್ನು ನರ್ಸ್‌ಗೆ ಕೊಟ್ಟಿದ್ದ. ನರ್ಸ್ ಮನೆ ನಂಬರು ನೋಡಿ, ರಿಜಿಸ್ಟರಿನಲ್ಲಿ ಆ ನಂಬರಿಗೆ ಇದ್ದ ರೇಣುಕಾಳ ಹೆಸರಿನ ಮುಂದೆ ಬರೆದು, ಕಂಪ್ಯೂಟರಿಗೂ ಏರಿಸಿ, ಕೆಂಪು ಗುರುತು ತೆಗೆದಿದ್ದರು. ಅವರು ಮಾಡಿದ್ದು ಸರಿ. ನಾವು ಕೊಟ್ಟದ್ದು ತಪ್ಪು.

"ಆಕಿಗೆ ಈಗ ಎಂಟು ತಿಂಗಳ ತುಂಬಿರಬೇಕು ಸರ್," ಎಂದಳು ಸುಜಾತಾ. "ಎಲ್ಲಿ ಅದಾಳೋ ಗೊತ್ತಿಲ್ಲ. ಎಲ್ಲೇ ಇದ್ರೂ ಆಕಿ ರಕ್ತ ಚಲೋ ಐತಿ ಅಂತ ತಿಳಕೊಂಡಿರ್ತಾರ."

ರಕ್ತವಿಲ್ಲದ ಮೈಯಲ್ಲಿ ಹೆರಿಗೆಯಾದರೆ ಸ್ವಲ್ಪ ರಕ್ತ ಹೋದರೂ ಸಾಕು, ಜೀವ ಉಳಿಯುವುದಿಲ್ಲ. ಇದನ್ನು ಅವರಿಬ್ಬರಿಗೆ ಕಲಿಸಿದವನು ನಾನೇ. ಅಂದು ಯಾರೂ ಮತ್ತೆ ಹೇಳಬೇಕಾಗಿರಲಿಲ್ಲ.

ಬೆರಳು ಬದಲಾದ ಉಳಿದ ಮನೆಗಳವರ ಮೊದಲ ಅಂಕಿಗಳು ಅಷ್ಟು ಕೆಟ್ಟಿರಲಿಲ್ಲ. ಅವರವರ ಊರಿನ ಆಶಾ ಕಾರ್ಯಕರ್ತೆಯರಿಗೆ ಫೋನ್ ಮಾಡಿ ತಪ್ಪು ತಿಳಿಸಿದೆವು. ರೇಣುಕಾಳದೊಂದು ಕಗ್ಗಂಟಾಯಿತು. ಅವಳ ಕೈಯಲ್ಲಿ ಫೋನ್ ಇಲ್ಲ. ಗಂಡ ಕಬ್ಬಿನ ಲಾರಿಯ ಮೇಲೆ, ಅವನ ಫೋನ್ ಹತ್ತುವುದಿಲ್ಲ. ತವರು ಮುದ್ದೇಬಿಹಾಳ ಕಡೆ ಎಂದಷ್ಟೇ ಆಶಾಗೆ ಗೊತ್ತು. ಮರುದಿನ ಬೆಳಿಗ್ಗೆ ನನ್ನ ಹಳೇ ಕಾರಿನಲ್ಲಿ ಮೂವರೂ ಅವಳ ಗಂಡನ ಮನೆಗೆ ಹೋದೆವು.

ಅತ್ತೆ ಗುರಬಸವ್ವ ಪಡಸಾಲೆಯಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದಳು. ಮಲ್ಲುವನ್ನು ನೋಡಿ ಮುಖ ಅರಳಿಸಿದಳು.

"ಬಾ ತಮ್ಮಾ. ಇವತ್ತ ಗುರುಗಳನ್ನೂ ಕರಕೊಂಡು ಬಂದಿ? ಸಾವಿತ್ರೀ, ಚಾ ಇಡವಾ. ಇನ್ನೊಮ್ಮೆ ಚುಚ್ಚಬೇಕೇನು?"

"ಚುಚ್ಚೂದು ಬ್ಯಾಡ್ರಿ ಯವ್ವಾ," ಎಂದೆ. "ರೇಣುಕಾ ಯಾವ ಊರಾಗ ಅದಾಳ ಹೇಳ್ರಿ."

ಮುಖ ಮುಚ್ಚಿಕೊಂಡಿತು. "ಆ ಊರಿನ ಹೆಸರು ನನ್ನ ಬಾಯಿಲೆ ಬರೂದಿಲ್ರಿ."

"ಯಾಕ್ರಿ?"

"ಕುಬಸಕ್ಕ ಜೀಪು ತುಂಬ ಬಂದ್ರು ಬೀಗರು. ಉಂಡ್ರು, ತಿಂದ್ರು, ಮಗಳಿಗೆ ಸೀರಿ ಉಡಿಸಿದ್ರು. ನಮ್ಮ ಹಿರೇ ಸೊಸಿಗೆ ಒಂದು ಜಂಪರ ಪೀಸು ತರಲಿಲ್ಲ ನೋಡ್ರಿ. ಮನ್ಯಾಗ ಇಬ್ಬರು ಸೊಸ್ತೇರು ಅದಾರ ಅಂತ ಗೊತ್ತಿಲ್ಲೇನು ಅವ್ರಿಗೆ? ಅವತ್ತಿಂದ ಮಾತಿಲ್ಲ, ಕತಿ ಇಲ್ಲ."

ಜಂಪರಿನ ಬಟ್ಟೆಯ ಬಗ್ಗೆ ಅರ್ಧ ಗಂಟೆ ಕೇಳಿದೆವು. ಚಹಾ ಬಂತು. ತಂದವಳು ಹಿರಿಯ ಸೊಸೆ ಸಾವಿತ್ರಿ. ಎತ್ತರದ ಹೆಂಗಸು, ಗಿಡ್ಡ ಬಾಗಿಲಲ್ಲಿ ತಲೆ ತಗ್ಗಿಸಿ ಬಂದಳು. ನಾನು ಲೋಟ ಹಿಡಿದು ಅವಳ ಎತ್ತರವನ್ನೇ ನೋಡುತ್ತ ಕೂತೆ.

ಸುಜಾತಾ ಎದ್ದು ಗುರಬಸವ್ವನ ಪಕ್ಕ ಕೂತಳು. "ಆಯೀ, ರೇಣುಕಾನ ಮೈಯಾಗ ರಕ್ತ ಇಲ್ಲ. ಹಿಂಗ ಹಡದ್ಲಂದ್ರ ಆಕಿ ಉಳಿಯೂದು ಕಷ್ಟ ಐತಿ."

"ಏನ್ ಮಾತಾಡ್ತಿ ತಂಗಿ? ಈ ತಮ್ಮ ಬಂದಾಗ ಚಲೋ ಐತಿ ಅಂದ."

"ಅದು ಸಾವಿತ್ರಕ್ಕಂದು ಆಯೀ."

ಗುರಬಸವ್ವ ಮೊರದಲ್ಲಿದ್ದ ಕಾಳನ್ನು ಬೆರಳಿನಿಂದ ಸರಿಸಿದಳು. "ಹಂಗಾದ್ರ ನಾ ಕೊಟ್ಟಿದ್ದ ತಪ್ಪಾತೇನು?"

"ನೀವು ಕೊಟ್ಟಿದ್ದು ತಪ್ಪಲ್ರಿ ಆಯೀ," ಎಂದ ಮಲ್ಲು. "ನಾ ತಗೊಂಡಿದ್ದು ತಪ್ಪು."

ಊರಿನ ಹೆಸರು ಅವಳ ಬಾಯಿಂದಲೇ ಬಂತು. ಬೀಗರ ಓಣಿ, ಮನೆಯ ಮುಂದಿನ ಬೇವಿನಮರ, ಎಲ್ಲ ಬಂತು. ಹೊರಡುವಾಗ ಒಂದು ಗಂಟಿನಲ್ಲಿ ಶೇಂಗಾ ಹೋಳಿಗೆ ಕಟ್ಟಿ ಸುಜಾತಾಳ ಕೈಗೆ ಕೊಟ್ಟಳು. "ರೇಣುಕಾಗ ಕೊಡು. ಆಕಿ ಅವ್ವಗ ಮಾತ್ರ ನಾ ಕೊಟ್ಟೆ ಅಂತ ಹೇಳಬ್ಯಾಡ."

ಸಿಂದಗಿ, ದೇವರ ಹಿಪ್ಪರಗಿ, ಬಸವನ ಬಾಗೇವಾಡಿ, ಅಲ್ಲಿಂದ ಮುದ್ದೇಬಿಹಾಳದ ದಾರಿ. ಜಿಲ್ಲೆಯ ಒಂದು ತುದಿಯಿಂದ ಇನ್ನೊಂದು ತುದಿ. ಎರಡೂ ಕಡೆ ಎರೆಭೂಮಿ ಬಿರುಕು ಬಿಟ್ಟಿತ್ತು, ಕಾರಿನ ಕಿಟಕಿ ಏರುತ್ತಿರಲಿಲ್ಲ. ಬಾಗೇವಾಡಿಯಲ್ಲಿ ಇಳಿದು ಚಹಾ ಕುಡಿದದ್ದು, ಅಂಗಡಿಯವನು ಶುಂಠಿ ಜಜ್ಜಿ ಹಾಕಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಸುಜಾತಾ ಹೇಳುತ್ತಾಳೆ, ನಾವು ಎಲ್ಲೂ ನಿಲ್ಲಲಿಲ್ಲ. ಮಲ್ಲು ಹಿಂದಿನ ಸೀಟಿನಲ್ಲಿ ಅಳುತ್ತಿದ್ದ, ನಿಲ್ಲಿಸಿದರೆ ಅವನ ಮುಖ ನೋಡಬೇಕಾಗುತ್ತದೆ ಎಂದು ನಾನು ಓಡಿಸುತ್ತಲೇ ಇದ್ದೆ. ಹಾಗಾದರೆ ಆ ಶುಂಠಿ ಚಹಾ ಯಾವ ದಿನದ್ದು?

ರೇಣುಕಾ ಬೇವಿನಮರದ ಕೆಳಗೆ ಗೋಡೆಗೆ ಬೆನ್ನು ಆನಿಸಿಕೊಂಡು ಕೂತಿದ್ದಳು. ಮಲ್ಲುವನ್ನು ಗುರುತು ಹಿಡಿದಳು. ಎದ್ದು ನಿಲ್ಲಲು ಹೋಗಿ ಮತ್ತೆ ಕೂತಳು. ಒಂದು ವಾಕ್ಯದ ನಡುವೆ ಎರಡು ಸಲ ಉಸಿರು ತೆಗೆದುಕೊಂಡಳು. ಅವಳ ತಾಯಿ ಹೆಮ್ಮೆಯಿಂದ ಹೇಳಿದಳು.

"ಬಂದಾಗ ಕರ್ರಗಿದ್ಲರಿ. ನೋಡ್ರಿ ಈಗ ಹೆಂಗ ಬೆಳ್ಳಗಾಗ್ಯಾಳ. ತವರಿನ ನೀರು ಹಿಡದೈತಿ."

ಸುಜಾತಾ ಅವಳ ಕಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಇಳಿಸಿದಳು. ಒಳಗೆ ಸುಣ್ಣದಂತೆ ಇತ್ತು. ಆ ಊರಿನ ನರ್ಸ್ ಕೂಡ ಬಂದರು. ರೇಣುಕಾ ಸುಸ್ತು ಎಂದಾಗ ಅವರು ಕಂಪ್ಯೂಟರಿನಲ್ಲಿ ಹಿಂದಿನ ಅಂಕಿ ತೆಗೆದು ನೋಡಿದ್ದರಂತೆ.

"ಹತ್ತು ಪಾಯಿಂಟ್ ನಾಲ್ಕು ತೋರಿಸಾಕತ್ತಿತ್ರಿ ಸರ್. ಒಂಬತ್ತನೇ ತಿಂಗಳದಾಗ ಇಷ್ಟು ಸುಸ್ತು ಇರೂದ ಅಂತ ಧೈರ್ಯ ಹೇಳಿದೆ. ಹೆರಿಗಿ ಇಲ್ಲೇ ನಮ್ಮಲ್ಲೇ ಮಾಡಸೂದು ಅಂತ ಬರದೀನಿ."

ನಾವು ಸಿಂದಗಿಯಿಂದ ಅರ್ಧ ದಿನ ಗಾಡಿ ಓಡಿಸಿ ಬಂದಿದ್ದೆವು. ಆ ಅಂಕಿ ನಮಗಿಂತ ಎಷ್ಟೋ ದಿನ ಮೊದಲೇ ಬಂದು ಕೂತಿತ್ತು.

ಸೂಜಿ ಹಿಡಿದದ್ದು ಮಲ್ಲು. ಸುಜಾತಾಳೇ ಅವನ ಕೈಗೆ ಕೊಟ್ಟಳು. ಆರು ಪಾಯಿಂಟ್ ಒಂದು. ಇನ್ನೊಂದು ಬೆರಳು ಚುಚ್ಚಿ ನೋಡಿದ. ಅದೂ ಅಷ್ಟೇ. ತಾಯಿಯನ್ನೂ ಮಗಳನ್ನೂ ಕಾರಿಗೆ ಹತ್ತಿಸಿಕೊಂಡು, ರಕ್ತ ಸಿಗುವಲ್ಲಿಗೇ ನೇರ ಹೋಗೋಣ ಎಂದು ಜಿಲ್ಲಾ ಕೇಂದ್ರದ ಒಂದು ಆಸ್ಪತ್ರೆಗೆ ಬಂದೆವು. ರಕ್ತ ಏರಿಸಿದರು. ಒಂಬತ್ತು ದಿನಕ್ಕೆ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಉಳಿದರು.

ಇಲ್ಲಿಗೆ ಮುಗಿಸಿದರೆ ಸಂಶೋಧನೆಯ ಮೊದಲ ತರಗತಿಯಲ್ಲಿ ಹೇಳಲು ಒಳ್ಳೆಯ ಕಥೆ. ಎಷ್ಟೋ ವರ್ಷ ಹಾಗೇ ಹೇಳಿದ್ದೇನೆ ಕೂಡ. ವರದಿಯ ಸಂಗತಿಯನ್ನು ಬಿಟ್ಟು ಹೇಳುತ್ತಿದ್ದೆ. ಬೆರಳು ಬದಲಾದವರನ್ನೆಲ್ಲ 'ಮರುಭೇಟಿಗೆ ಸಿಗಲಿಲ್ಲ' ಎಂಬ ಒಂ‌ದೇ ಸಾಲಿನಲ್ಲಿ ಸೇರಿಸಿಬಿಡೋಣ ಎಂದು ಸುಜಾತಾಳಿಗೆ ಸೂಚಿಸಿದವನು ನಾನು. ಸುಳ್ಳಲ್ಲವಲ್ಲ, ಅವರು ಸಿಗಲಿಲ್ಲವಲ್ಲ ಎಂದೆ.

"ಸುಳ್ಳಲ್ರಿ ಸರ್," ಎಂದಳು. "ಆದ್ರ ಮುಂದಿನ ವರ್ಷ ಇನ್ಯಾರರ ನಮ್ಮಂಗ ಹೋದ್ರ, ಅವ್ರಿಗೆ ಯಾರು ಹೇಳಬೇಕ್ರಿ?"

ಕುಬಸ, ತವರು, ಎಳ್ಳಮಾಸಿಯ ಊಟ, ಹೆಸರಿಲ್ಲದ ಹಾಳೆ, ಕಂಪ್ಯೂಟರಿಗೆ ಏರಿದ ಅಂಕಿ, ಎಲ್ಲವನ್ನೂ ಅವಳು ಬರೆದಳು. ಯಾರ ಮೇಲೂ ಹೊರಿಸದೆ ಬರೆದಳು. ಮಲ್ಲು ತನ್ನ ಹೆಸರು ಇರಲೇಬೇಕು ಎಂದ. ವರದಿ ಒಪ್ಪಿಗೆಯಾಗಲಿಲ್ಲ, ಇಬ್ಬರಿಗೂ ಪ್ರಮಾಣಪತ್ರ ಬರಲಿಲ್ಲ. ನಾನು ಮಾತ್ರ ಆಮೇಲೂ ಮಾರ್ಗದರ್ಶಕನಾಗಿ ಉಳಿದೆ. ಯೋಜನೆಯ ನಮೂನೆಯಲ್ಲಿ 'ಅದೇ ಮನೆಯಲ್ಲಿ' ಎಂಬಲ್ಲಿ 'ಅದೇ ವ್ಯಕ್ತಿಯನ್ನು, ಎಲ್ಲಿದ್ದರೆ ಅಲ್ಲಿ' ಎಂದು ತಿದ್ದಿಕೊಂಡೆ. ಪ್ರತಿ ವರ್ಷ ಹೊಸ ಸಮಿತಿ, ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ, ಇದೇಕೆ ಇಷ್ಟು ಉದ್ದ?

ಫೋನಿನಲ್ಲಿ ಸುಜಾತಾ ಕೊನೆಗೆ ತಡೆದದ್ದು ಆಸ್ಪತ್ರೆಯ ಸಂಗತಿಯಲ್ಲಿ. ರೇಣುಕಾಳನ್ನು ಹಾಸಿಗೆಯ ಮೇಲೆ ಮಲಗಿಸಿದ್ದರು. ಕೆಲಸದ ಮೇಲಿದ್ದ ವೈದ್ಯೆ ಎಳೆಯ ವಯಸ್ಸಿನವಳು, ನನ್ನ ಹಳೆಯ ವಿದ್ಯಾರ್ಥಿನಿ. ಬೆಳಗಿನಿಂದ ನಿಂತೇ ಇದ್ದವಳಂತೆ ಕಾಣುತ್ತಿದ್ದಳು. ಕಂಪ್ಯೂಟರಿನಲ್ಲಿ ಅಂಕಿಗಳು ಸಾಲಾಗಿ ಇದ್ದವು: ಏಳು ಪಾಯಿಂಟ್ ಒಂದು, ಹತ್ತು ಪಾಯಿಂಟ್ ನಾಲ್ಕು, ಈಗ ಆರು ಪಾಯಿಂಟ್ ಒಂದು. ಓದಿದವರಿಗೆ ಅರ್ಥ ಒಂದೇ. ಮಾತ್ರೆ ನುಂಗಿದಾಗ ಏರಿತು, ಬಿಟ್ಟಾಗ ಇಳಿಯಿತು.

"ಏನವಾ, ಹತ್ತಕ್ಕ ಬಂದಿತ್ತು, ಆರಕ್ಕ ತಂದು ಇಟ್ಟೀಯಲ್ಲ? ತವರಿಗೆ ಹೋದ ಕೂಡ್ಲೆ ಗುಳಗಿ ಬಿಟ್ಟಿ? ಹೊಟ್ಯಾಗಿನ ಕೂಸಿಂದರ ಕಾಳಜಿ ಬ್ಯಾಡೇನು? ನಿಮ್ಮಂಥಾವ್ರ ಸಲುವಾಗಿ ಎಷ್ಟು ಮಂದಿ ಓಡಾಡಬೇಕು ನೋಡು, ಇಷ್ಟು ದೊಡ್ಡ ಸರ್ ನಿಂತಾರ ಇಲ್ಲಿ."

ರೇಣುಕಾ ಮಲಗಿದಲ್ಲೇ ಕೇಳಿಸಿಕೊಂಡಳು. ಬೈಸಿಕೊಳ್ಳಲು ಉಸಿರು ಬೇಕಾಗುವುದಿಲ್ಲ. ಬಿಡದೆ ಮಾತ್ರೆ ನುಂಗಿದ್ದಳು, ಖಾಲಿ ಪಟ್ಟಿಗಳನ್ನೂ ಸೀರೆಯ ಗಂಟಿನಲ್ಲಿ ಇಟ್ಟುಕೊಂಡಿದ್ದಳು ಎಂದು ಆಮೇಲೆ ಗೊತ್ತಾಯಿತು. ಅಂದು ಅವಳ ತಾಯಿ ಮಗಳ ಕಡೆ ಹೊಸದಾಗಿ ನೋಡಿದಳು, ಇವಳು ಹೀಗೆ ಮಾಡಿದಳೇ ಎಂಬಂತೆ.

ಆಗ ನಾನು ಮುಂದೆ ಬಂದು, ಅವಳನ್ನು ಬೈಯಬೇಡಮ್ಮಾ, ಆ ಅಂಕಿ ಅವಳದಲ್ಲ, ತಪ್ಪು ನಮ್ಮದು ಎಂದೆ. ಇಷ್ಟು ವರ್ಷ ನನಗೆ ನೆನಪಿದ್ದದ್ದು ಹೀಗೆ. ನನ್ನ ಧ್ವನಿ ಕೂಡ ನೆನಪಿದೆ.

"ಅದು ನೀವಲ್ರಿ ಸರ್," ಎಂದಳು ಸುಜಾತಾ, ಫೋನಿನಲ್ಲಿ. "ಮಲ್ಲು."

ನಾನು ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಳ್ಳುತ್ತಿದ್ದೆನಂತೆ. ಸುಜಾತಾ ನನ್ನ ಬಾಯಿ ನೋಡುತ್ತ ನಿಂತಿದ್ದಳಂತೆ. ವೈದ್ಯೆ ಬೈದು ಮುಗಿಸಿ ಎರಡನೆಯ ಸಲ ಶುರು ಮಾಡಿದಾಗ ಮಲ್ಲು ಹೇಳಿದನಂತೆ, "ಮೇಡಂ, ಆಕಿನ್ನ ಬೈಬ್ಯಾಡ್ರಿ. ಆ ಹತ್ತು ಪಾಯಿಂಟ್ ನಾಲ್ಕು ಆಕೀದಲ್ಲ. ನಾ ಬ್ಯಾರೇದವ್ರ ರಕ್ತ ತಗೊಂಡು ಆಕಿ ಲೆಕ್ಕಕ್ಕ ಬರದೀನಿ."

ರೇಣುಕಾ ದಿಂಬಿನಿಂದ ತಲೆ ಎತ್ತಿದಳಂತೆ. "ಯಾರ್ದರಿ ಅದು?"

"ನಿಮ್ಮ ನೆಗೆಣ್ಣಿದು ಅಕ್ಕಾರ. ಸಾವಿತ್ರಿದು."

"ನನ್ನ ಸೀರಿ ಉಟಗೊಂಡು ತಿರಗ್ಯಾಡ್ತಾಳ ಅಂತ ಕೇಳಿದ್ದೆ," ಎಂದಳಂತೆ ರೇಣುಕಾ, ಉಸಿರು ತೆಗೆದುಕೊಂಡು. "ಇದೂ ಆತಲ್ಲ."

ವೈದ್ಯೆ ನಂಬಲಿಲ್ಲ. ಹುಡುಗ ಏನೋ ಮುಚ್ಚಿಹಾಕುತ್ತಿದ್ದಾನೆ ಎಂದುಕೊಂಡು ನನ್ನ ಕಡೆ ತಿರುಗಿ, "ಹೌದೇನ್ರಿ ಸರ್?" ಎಂದು ಕೇಳಿದಳಂತೆ.

ಕನ್ನಡಕ ಹಾಕಿಕೊಂಡು ನಾನು "ಹೌದು" ಎಂದೆ. ಆ ಒಂದು ಮಾತು ನನ್ನದೇ ಎಂದು ಸುಜಾತಾ ಕೂಡ ಒಪ್ಪುತ್ತಾಳೆ.